ಎಲ್‌ಸಿ ಮುದ್ರೆಯ 5.56 ಮಿಲಿಟರಿ ಖಾಲಿ ಕೇಸ್: ರೀಲೋಡಿಂಗ್‌ಗೆ ಮೊದಲು ಏನೇನು ಕೆಲಸ, ಯಾವ ಕ್ರಮದಲ್ಲಿ?

ಆಸ್ಟಿನ್_ತುಂಗಾ

ಎಲ್ಲರಿಗೂ ನಮಸ್ಕಾರ. ರೀಲೋಡಿಂಗ್‌ಗೆ, ಅಂದರೆ ಹಾರಿಸಿದ ಕೇಸನ್ನು ಮತ್ತೆ ತುಂಬಿ ತೋಟಾ ಮಾಡಲು, ಎಲ್‌ಸಿ ಮುದ್ರೆಯ 5.56 ಖಾಲಿ ಕೇಸ್ 1,000 ತರಿಸಿದ್ದೇನೆ. ಒಮ್ಮೆ ಹಾರಿಸಿದ್ದು, ತೊಳೆದಿಲ್ಲ, ಹಳೆಯ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲು) ಒಳಗೇ ಇದೆ. ನನ್ನ ಬಳಿ ಸಿಂಗಲ್ ಸ್ಟೇಜ್ ಪ್ರೆಸ್, .223ರ (5.56ರ ಅಂಗಡಿ ರೂಪ) ಫುಲ್ ಲೆಂತ್ ಡೈ (ಕೇಸನ್ನು ಹಿಂಡಿ ಅಳತೆಗೆ ತರುವ ಅಚ್ಚು), ಕ್ಯಾಲಿಪರ್ ಇವೆ. ರೈಫಲ್ ಎಆರ್-15. ಅಂಗಡಿಯಲ್ಲಿ ಕೊಂಡ ತೋಟಾಗಳ ಬ್ರಾಸ್ (ಹಿತ್ತಾಳೆ ಕೇಸ್) ತಯಾರಿ ಗೊತ್ತು; ಮಿಲಿಟರಿ ಬ್ರಾಸ್ ಹೊಸದು.

ಕೇಳಬೇಕಾದ್ದು ಇಷ್ಟು: ಕೆಲಸದ ಸರಿಯಾದ ಕ್ರಮ ಯಾವುದು? ಪ್ರೈಮರ್ ಸುತ್ತ ಒತ್ತಿರುವ ಕ್ರಿಂಪ್ ತೆಗೆಯಲು ಸ್ವೇಜ್ ಒಳ್ಳೆಯದೋ, ರೀಮರ್ ಒಳ್ಳೆಯದೋ? ಸ್ಮಾಲ್ ಬೇಸ್ ಡೈ ಬೇಕೇಬೇಕಾ? ಮತ್ತೆ ಕಾಯಿಸುವ ಕೆಲಸ, ಅಂದರೆ ಅನೀಲಿಂಗ್, ಈಗಲೇ ಮಾಡಬೇಕಾ?

ಹಿತ್ತಾಳೆ_ಬೆಂಚು

ಕ್ರಮ ಮೊದಲು ಹೇಳಿಬಿಡುತ್ತೇನೆ: ಆರಿಸುವುದು, ಪ್ರೈಮರ್ ತೆಗೆಯುವುದು, ತೊಳೆದು ಒಣಗಿಸುವುದು, ಕ್ರಿಂಪ್ ತೆಗೆಯುವುದು, ಲ್ಯೂಬ್ (ಜಾರುವ ಜಿಡ್ಡು) ಹಚ್ಚಿ ಡೈನಲ್ಲಿ ಸೈಜ್ ಮಾಡುವುದು, ಲ್ಯೂಬ್ ತೆಗೆಯುವುದು, ಉದ್ದ ಕತ್ತರಿಸಿ ಬಾಯಿಯ ಅಂಚು ಸವರುವುದು, ಕೊನೆಗೆ ಇನ್ನೊಮ್ಮೆ ಕಣ್ಣಲ್ಲಿ ನೋಡುವುದು. ಕ್ರಿಂಪ್ ತೆಗೆಯುವುದನ್ನು ಸೈಜ್ ಆದ ಮೇಲೆ ಮಾಡಿದರೂ ನಡೆಯುತ್ತದೆ. ಆದರೆ ಉದ್ದ ಕತ್ತರಿಸುವುದನ್ನು ಸೈಜ್‌ಗೆ ಮೊದಲು ಮಾಡಬಾರದು. ಡೈ ಒಳಗೆ ಹಿಂಡಿದ ಹಿತ್ತಾಳೆ ಕತ್ತಿನ (ಗುಂಡು ಹಿಡಿಯುವ ಮುಂದಿನ ಕಿರಿದಾದ ಭಾಗ) ಕಡೆಗೆ ಹರಿದು ಕೇಸ್ ಉದ್ದವಾಗುತ್ತದೆ, ನೀವು ಕತ್ತರಿಸಿದ್ದು ವ್ಯರ್ಥ.

ಆರಿಸುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅರ್ಧ ತೊಂದರೆ ಇಲ್ಲೇ ತಪ್ಪುತ್ತದೆ. ಎಲ್‌ಸಿ ಅಂದರೆ ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿ 1941ರಲ್ಲಿ ಶುರುವಾದ ಲೇಕ್ ಸಿಟಿ ಸೇನಾ ಕಾರ್ಖಾನೆ. ತಳದಲ್ಲಿ ಎಲ್‌ಸಿ, ತಯಾರಾದ ವರ್ಷದ ಎರಡು ಅಂಕಿ, ಜೊತೆಗೆ ನೇಟೋ ಗುರುತಾದ ವೃತ್ತದೊಳಗಿನ ಕೂಡುಚಿಹ್ನೆ ಇರುತ್ತದೆ. ಮೂಟೆಯಲ್ಲಿ ಬರುವುದೆಲ್ಲ ಅದೇ ಅಂದುಕೊಳ್ಳಬಾರದು. ಒಂದೊಂದನ್ನೂ ಬೆಳಕಿನಲ್ಲಿ ಹಿಡಿದು ಇವನ್ನು ನೋಡಿ:

ಗುಂಡು ಹಾರದೆ ಉಳಿದ ಜೀವಂತ ತೋಟಾ, ಅಥವಾ ಪ್ರೈಮರ್ ಮೇಲೆ ಪಿನ್ ಬಡಿದ ಗುರುತೇ ಇಲ್ಲದ ಕೇಸ್. ಇವನ್ನು ಪ್ರೆಸ್ ಹತ್ತಿರವೂ ತರಬೇಡಿ, ಡ್ರೈಯರ್‌ಗೂ ಹಾಕಬೇಡಿ.

ಬಾಯಿ ಹೂವಿನ ಎಸಳಿನ ಹಾಗೆ ಮಡಚಿರುವುದು ಎಂ200 ಬ್ಲ್ಯಾಂಕ್, ಗುಂಡಿಲ್ಲದ ಸದ್ದಿನ ತೋಟಾ. ಅದು ಗುಜರಿಗೆ.

ಮ್ಯಾಗ್ನೆಟ್‌ಗೆ ಅಂಟಿದರೆ ಉಕ್ಕಿನ ಕೇಸ್. ಅದೂ ಬೇಡ.

ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ನಡುವೆ ಒಂದೇ ತೂತು ಕಂಡರೆ ಬಾಕ್ಸರ್ ಪ್ರೈಮರ್ ಮಾದರಿ, ಅದು ನಮಗೆ ಬೇಕಾದ್ದು. ಪಕ್ಕಪಕ್ಕ ಎರಡು ಸಣ್ಣ ತೂತು ಕಂಡರೆ ಬರ್ಡಾನ್. ಲೇಕ್ ಸಿಟಿಯದು ಬಾಕ್ಸರ್. ಬೇರೆ ದೇಶಗಳ ಕೇಸ್ ಬೆರೆತಿದ್ದರೆ ಬರ್ಡಾನ್ ಸಿಗಬಹುದು. ಅದರ ಮೇಲೆ ಪ್ರೈಮರ್ ತಳ್ಳುವ ಡಿಕ್ಯಾಪಿಂಗ್ ಪಿನ್ ಇಳಿಸಿದರೆ ಪಿನ್ ಮುರಿಯುತ್ತದೆ.

ಒಳಗೆ ಕಲ್ಲು, ಮಣ್ಣು. ನೆಲದಿಂದ ಬಾಚಿದ ಬ್ರಾಸ್‌ನಲ್ಲಿ ಇದು ಸಾಮಾನ್ಯ. ಸಣ್ಣ ಹರಳೊಂದು ತಳದಲ್ಲಿ ಕೂತಿದ್ದರೂ ಪಿನ್ ಬಾಗುತ್ತದೆ. 7.62 ಕೇಸ್ ಆದರೆ ಒಳಗೆ .22ರ ಖಾಲಿ ಕೇಸ್ ಸಿಕ್ಕಿಕೊಂಡಿರುತ್ತದೆ, ಅದನ್ನೂ ನೋಡಿ.

ಕತ್ತು ಸೀಳಿದ್ದು ಗುಜರಿಗೆ, ಅಥವಾ 5.56 ಕೇಸನ್ನು ಮೋಟು ಮಾಡಿ ತಯಾರಿಸುವ .300 ಬ್ಲ್ಯಾಕ್‌ಔಟ್‌ಗೆ. ಬಾಯಿ ಸ್ವಲ್ಪ ಸೊಟ್ಟಗಾಗಿದ್ದರೆ ಎಸೆಯಬೇಡಿ, ಸೈಜ್ ಡೈ ಅದನ್ನು ದುಂಡಗೆ ಮಾಡುತ್ತದೆ. ಪೂರ್ತಿ ಮಡಚಿದ್ದರೆ ಮಾತ್ರ ಮೊನಚಾದ ಇಕ್ಕಳದಿಂದ ಮೊದಲು ಬಾಯಿ ತೆರೆಯಬೇಕು.

ಭುಜ (ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು) ಮತ್ತು ಕತ್ತಿನ ಹತ್ತಿರ ನೀಲಿ-ಕಂದು ಬಣ್ಣ ಕಂಡು ಹೆದರಬೇಡಿ. ಕಾರ್ಖಾನೆಯಲ್ಲಿ ಕತ್ತನ್ನು ಕಾಯಿಸಿದ ಗುರುತು ಅದು. ಸೇನೆಗೆ ಕೊಡುವಾಗ ಅದನ್ನು ಹಾಗೇ ಬಿಡುತ್ತಾರೆ, ಅಂಗಡಿಯ ತೋಟಾಗಳಲ್ಲಿ ತಿಕ್ಕಿ ಹೊಳಪು ಮಾಡಿರುತ್ತಾರೆ.

ಒಹಾಯೊ_ಅಳತೆಗಾರ

ಪ್ರೈಮರ್ ತೆಗೆಯುವುದಕ್ಕೆ ನಿಮ್ಮ ಸೈಜ್ ಡೈನ ಪಿನ್ ಬಳಸಬೇಡಿ. ಎರಡು ಕಾರಣ. ಕ್ರಿಂಪ್ ಇರುವ ಪ್ರೈಮರ್ ಗಟ್ಟಿಯಾಗಿ ಹಿಡಿದಿರುತ್ತದೆ, ಸಣ್ಣ ಪಿನ್ ಬಾಗುತ್ತದೆ. ಇನ್ನೊಂದು, ತೊಳೆಯದ ಕೇಸ್‌ನ ಮರಳು ಡೈ ಒಳಗೆ ಹೋದರೆ ಒಳಮೈ ಗೀರುತ್ತದೆ, ಆ ಗೀರು ಮುಂದೆ ಪ್ರತಿ ಕೇಸಿನ ಮೇಲೂ ಮೂಡುತ್ತದೆ. ಲೀ ಕಂಪನಿಯ ಯೂನಿವರ್ಸಲ್ ಡಿಕ್ಯಾಪಿಂಗ್ ಡೈ ಅಥವಾ ಅಂಥದ್ದು ಒಂದು ತಗೊಳ್ಳಿ. ಅದು ಕೇಸ್ ಮೈ ಮುಟ್ಟುವುದಿಲ್ಲ, ಪಿನ್ ಮಾತ್ರ ಇಳಿಯುತ್ತದೆ. ಲ್ಯೂಬ್ ಕೂಡ ಬೇಡ.

ಹಿಡಿಕೆಯನ್ನು ಒಂದೇ ಸಮನೆ ಒತ್ತಿ, ಕುಟ್ಟಬೇಡಿ. ಟಪ್ ಅಂತ ಬಿಟ್ಟುಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಅಪರೂಪಕ್ಕೆ ಪ್ರೈಮರ್ ಬಟ್ಟಲಿನ ತಳ ಮಾತ್ರ ತೂತಾಗಿ, ಸುತ್ತಿನ ಬಳೆ ಪಾಕೆಟ್‌ನಲ್ಲೇ (ಪ್ರೈಮರ್ ಕೂರುವ ಗುಳಿ) ಉಳಿಯುತ್ತದೆ. ಆ ಕೇಸ್ ಬದಿಗಿಡಿ. ಅದನ್ನು ಗಮನಿಸದೆ ಸ್ವೇಜ್ ಮಾಡಲು ಹೋದರೆ ಉಪಕರಣವೇ ಸಿಕ್ಕಿಕೊಳ್ಳುತ್ತದೆ.

ಪ್ರೈಮರ್ ಸುತ್ತ ಬಣ್ಣದ ಮೆರುಗು, ಕತ್ತಿನ ಒಳಗೆ ಡಾಂಬರಿನ ಹಾಗೆ ಕಪ್ಪು ಪದರ ಕಾಣುತ್ತದೆ. ಎರಡೂ ನೀರು ಒಳಗಿಳಿಯದಿರಲು ಹಾಕಿದ್ದು. ಕತ್ತಿನ ಕಪ್ಪು ಹೋಗದಿದ್ದರೆ ಸೈಜ್ ಮಾಡುವಾಗ ಕತ್ತನ್ನು ಒಳಗಿಂದ ಅಗಲಿಸುವ ಎಕ್ಸ್‌ಪ್ಯಾಂಡರ್ ಉಂಡೆಗೆ ಅಂಟಿ ಎಳೆಯುತ್ತದೆ. ಒಣ ಟಂಬ್ಲಿಂಗ್‌ನಲ್ಲಿ (ಪುಡಿಯ ಜೊತೆ ಯಂತ್ರದಲ್ಲಿ ಹೊರಳಾಡಿಸಿ ತಿಕ್ಕುವುದು) ಅದು ಅಷ್ಟಾಗಿ ಹೋಗುವುದಿಲ್ಲ. ಮಿಲಿಟರಿ ಬ್ರಾಸ್‌ಗೆ ನೀರಿನ ಟಂಬ್ಲಿಂಗೇ ಸರಿ ಅನ್ನಲು ಇದೇ ನನ್ನ ಮುಖ್ಯ ಕಾರಣ, ಹೊಳಪಿಗಾಗಿ ಅಲ್ಲ.

ಹಿತ್ತಾಳೆ_ಬೆಂಚು

ಹೌದು. ತೊಳೆಯುವ ಲೆಕ್ಕ ಹೀಗೆ. ಒಟ್ಟು 15 ಪೌಂಡ್ ಹೊರುವ ರೋಟರಿ ಟಂಬ್ಲರ್‌ಗೆ 5 ಪೌಂಡ್ ಸ್ಟೇನ್‌ಲೆಸ್ ಪಿನ್, 2 ಪೌಂಡ್ ಬ್ರಾಸ್, 1 ಗ್ಯಾಲನ್ ನೀರು, ಅಂದರೆ ಸುಮಾರು 3.8 ಲೀಟರ್. ಎಲ್‌ಸಿ 5.56 ಕೇಸ್ ಒಂದೊಂದು 92-93 ಗ್ರೇನ್ ತೂಗುತ್ತದೆ, ಹಾಗಾಗಿ 2 ಪೌಂಡ್ ಅಂದರೆ ಸುಮಾರು 150 ಕೇಸ್. ನಿಮ್ಮ 1,000ಕ್ಕೆ ಏಳು ಸರದಿ ಆಗುತ್ತದೆ. ಪಾತ್ರೆ ತೊಳೆಯುವ ದ್ರವ ಸೋಪು ಒಂದು ಚಮಚ, ಲೆಮಿ ಶೈನ್ ಪುಡಿ ಕಾಲು ಟೀ ಚಮಚ. ಎರಡರಿಂದ ಮೂರು ಗಂಟೆ ಸಾಕು.

ಲೆಮಿ ಶೈನ್‌ನಲ್ಲಿರುವುದು ಸಿಟ್ರಿಕ್ ಆಮ್ಲ. ಹೆಚ್ಚು ಹೊಳೆಯಲಿ ಅಂತ ಜಾಸ್ತಿ ಹಾಕಿದರೆ, ಇಲ್ಲವೇ ರಾತ್ರಿಯಿಡೀ ಬಿಟ್ಟರೆ, ಬ್ರಾಸ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೇಲ್ಮೈಯ ಸತು ಕರಗಿ ತಾಮ್ರ ಮೇಲೆ ಬಂದಿದೆ ಅಂತ ಅರ್ಥ. ಇದು ತೆಳು ಪದರ, ಆದರೂ ಮಾಡಿಕೊಳ್ಳದಿರುವುದೇ ಲೇಸು. ಹೆಚ್ಚು ಹೊತ್ತು ತಿರುಗಿಸಿದರೆ ಇನ್ನೊಂದು ಕೆಡಕು: ಕೇಸ್‌ಗಳು ಒಂದಕ್ಕೊಂದು ಬಡಿದು ಬಾಯಿಯ ಅಂಚು ಹೊರಕ್ಕೆ ಮಡಚುತ್ತದೆ. ಉದ್ದ ಕತ್ತರಿಸಿದ ಮೇಲೆ ಮತ್ತೆ ಪಿನ್ ಜೊತೆ ತೊಳೆದರಂತೂ ನೀವು ಸವರಿದ ಅಂಚೆಲ್ಲ ಹಾಳು.

ಚೆನ್ನಾಗಿ ಜಾಲಿಸಿ. ಪ್ರತಿ ಕೇಸ್ ಬಾಯಿ ಕೆಳಗೆ ಮಾಡಿ ಅಲುಗಾಡಿಸಿ, ಪಿನ್ ಉಳಿದಿದೆಯೇ ನೋಡಿ. ಎರಡು ಪಿನ್ ಜೋಡಿಯಾಗಿ ಕಿಡಿ ಹೋಗುವ ತಳದ ತೂತಾದ ಫ್ಲ್ಯಾಶ್ ಹೋಲ್‌ನಲ್ಲಿ ಬಿಗಿಯಾಗಿ ಕೂರುವುದುಂಟು. ಆಮೇಲೆ ಟವೆಲ್ ಮೇಲೆ ಹರಡಿ ಬಿಸಿಲಿಗೆ, ಇಲ್ಲವೇ ಈ ಕೆಲಸಕ್ಕೆಂದೇ ಇಟ್ಟ ಡೀಹೈಡ್ರೇಟರ್‌ಗೆ. 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 93 ಸೆಲ್ಸಿಯಸ್ ದಾಟಿಸುವ ಅಗತ್ಯವೇ ಇಲ್ಲ. ಅಡುಗೆಮನೆಯ ಓವನ್ ಖಂಡಿತ ಬೇಡ, ಕಾರಣ ಸೀಸ.

ಡೆಟ್ರಾಯ್ಟ್_ಶರಾವತಿ

ಸೀಸದ ಮಾತು ಬಂದದ್ದು ಒಳ್ಳೆಯದಾಯಿತು, ಅದನ್ನು ಬಿಡಿಸಿ ಹೇಳಬೇಕು. ಪ್ರೈಮರ್‌ನಲ್ಲಿ ಲೆಡ್ ಸ್ಟಿಫ್ನೇಟ್ ಇರುತ್ತದೆ. ಹಾರಿಸಿದ ಮೇಲೆ ಪಾಕೆಟ್‌ನಲ್ಲೂ ಕೇಸ್ ಒಳಗೂ ಉಳಿಯುವ ಬೂದು ಮಸಿಯಲ್ಲಿ ಸೀಸ ಇದೆ. ಅದು ಧೂಳಾಗಿ ಉಸಿರಿಗೆ ಹೋಗುವುದೇ ದೊಡ್ಡ ಅಪಾಯ, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ. ಪ್ರೈಮರ್ ಉದುರುವ ಜಾಗಕ್ಕೆ ಮುಚ್ಚಿದ ಬಾಟಲಿ ಇಡಿ. ಒಣ ಟಂಬ್ಲರ್ ಬಳಸುವುದಾದರೆ ಮನೆಯೊಳಗೆ ಮುಚ್ಚಳ ತೆಗೆದು ಸೋಸಬೇಡಿ, ಹೊರಗೆ ಮಾಡಿ. ಪುಡಿಗೆ ಒಂದು ಮುಚ್ಚಳ ಮಿನರಲ್ ಸ್ಪಿರಿಟ್ ಹಾಕಿದರೆ ಧೂಳು ಏಳುವುದಿಲ್ಲ. ತೊಳೆದ ಕಪ್ಪು ನೀರನ್ನು ಅಡುಗೆಮನೆ ಸಿಂಕ್‌ಗೂ ತರಕಾರಿ ಮಡಿಗೂ ಸುರಿಯಬೇಡಿ. ನೈಟ್ರೈಲ್ ಕೈಗವಸು ಹಾಕಿ. ಕೆಲಸ ಮುಗಿದ ಮೇಲೆ ಸೀಸ ತೆಗೆಯುವ ಸೋಪಿನಿಂದ ತಣ್ಣೀರಿನಲ್ಲಿ ಕೈ ತೊಳೆದೇ ಕಾಫಿ ಲೋಟ ಮುಟ್ಟಿ.

ಇನ್ನೊಂದು ಎಚ್ಚರಿಕೆ, ಅಮೋನಿಯ ಇರುವ ಪಾಲಿಶ್ ಬೇಡ. ಮನೆಯ ಹಿತ್ತಾಳೆ ದೀಪ ಬೆಳಗಲು ಬಳಸುವ ದ್ರವಗಳಲ್ಲಿ ಕೆಲವದರಲ್ಲಿ ಅಮೋನಿಯ ಇರುತ್ತದೆ. ಒತ್ತಡ ಉಳಿದಿರುವ ಹಿತ್ತಾಳೆಗೆ ಅಮೋನಿಯ ತಗುಲಿದರೆ ಹರಳುಗಳ ನಡುವೆ ಬಿರುಕು ಬಿಡುತ್ತದೆ. ಇದನ್ನು ಮೊದಲು ಕಂಡದ್ದು ನಮ್ಮ ಕಡೆಯೇ. 19ನೇ ಶತಮಾನದಲ್ಲಿ ಬ್ರಿಟಿಷರು ಭಾರತದಲ್ಲಿ ಮಳೆಗಾಲ ಕಳೆಯುವ ತನಕ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಕೇಸ್ ತಾವಾಗೇ ಸೀಳುತ್ತಿದ್ದವು. ಋತುವಿನ ಬಿರುಕು ಎಂಬರ್ಥದ ಹೆಸರು ಅದಕ್ಕೆ ಬಂದದ್ದು ಹಾಗೆ. ಕುದುರೆ ಮೂತ್ರದಿಂದ ಬಂದ ಅಮೋನಿಯವೇ ಕಾರಣ ಅಂತ 1921ರಲ್ಲಿ ವಿವರಣೆ ಸಿಕ್ಕಿತು.

ಪೀಣ್ಯ_ಲೇತ್

ಕ್ರಿಂಪ್ ವಿಷಯಕ್ಕೆ ಬರುತ್ತೇನೆ. ಮಿಲಿಟರಿ ಬ್ರಾಸ್‌ನ ನಿಜವಾದ ಕೆಲಸ ಇದೇ. ಮೆಷಿನ್ ಗನ್‌ನಲ್ಲಿ ಪ್ರೈಮರ್ ಹಿಂದಕ್ಕೆ ಜಾರಿ ಬಿದ್ದು ಬಂದೂಕು ನಿಲ್ಲಬಾರದು ಅಂತ ಪಾಕೆಟ್‌ನ ಬಾಯಿಯ ಸುತ್ತ ಹಿತ್ತಾಳೆಯನ್ನು ಒಳಕ್ಕೆ ಒತ್ತಿರುತ್ತಾರೆ. 5.56ರಲ್ಲಿ ಸುತ್ತಲೂ ಬಳೆಯ ಹಾಗೆ ಇರುತ್ತದೆ. ಅದನ್ನು ತೆಗೆಯದೆ ಹೊಸ ಪ್ರೈಮರ್ ಒತ್ತಿದರೆ ಬಟ್ಟಲಿನ ಅಂಚು ಕೆರೆದುಹೋಗುತ್ತದೆ, ಸೊಟ್ಟಗೆ ಕೂರುತ್ತದೆ, ಇಲ್ಲವೇ ಜಜ್ಜಿಹೋಗುತ್ತದೆ. ಜಜ್ಜಿದ ಪ್ರೈಮರ್ ಕೈಯಲ್ಲೇ ಸಿಡಿಯಬಹುದು.

ಅಳತೆಯನ್ನು ನಮ್ಮ ಲೇತ್ ಕೆಲಸದವರು ಹೇಳುವ ಥೌ ಲೆಕ್ಕದಲ್ಲೇ ಬರೆಯುತ್ತೇನೆ, ಅಂಗುಲದ ಸಾವಿರದಲ್ಲೊಂದು ಭಾಗ. ಸ್ಮಾಲ್ ರೈಫಲ್ ಪಾಕೆಟ್ ವ್ಯಾಸ 173ರಿಂದ 174.5 ಥೌ. ಪ್ರೈಮರ್ ಅದಕ್ಕಿಂತ ಒಂದೆರಡು ಥೌ ದೊಡ್ಡದು, ಹಾಗಾಗಿಯೇ ಬಿಗಿಯಾಗಿ ಕೂರುವುದು. ಅಂದರೆ ನಮ್ಮ ಕೈಯಲ್ಲಿರುವ ಅವಕಾಶ ಒಂದೂವರೆ ಥೌ ಮಾತ್ರ.

ಸ್ವೇಜ್ ಅಂದರೆ ಗಟ್ಟಿ ಉಕ್ಕಿನ ಮೂತಿಯನ್ನು ಪಾಕೆಟ್ ಒಳಗೆ ತಳ್ಳಿ ಕ್ರಿಂಪನ್ನು ಹಿಂದಕ್ಕೆ ಸರಿಸುವುದು. ಲೋಹ ಕಳೆಯುವುದಿಲ್ಲ, ಅಂಚು ಸೊಗಸಾಗಿ ದುಂಡಗಾಗುತ್ತದೆ. ಡಿಲ್ಲನ್ ಸೂಪರ್ ಸ್ವೇಜ್ 600ರಲ್ಲಿ ಕೇಸ್ ಒಳಗೆ ಒಂದು ಸರಳು ಹೋಗಿ ತಳಕ್ಕೆ ಆನಿಸಿ ನಿಲ್ಲುತ್ತದೆ, ಹೊರಗಿಂದ ಮೂತಿ ಒತ್ತುತ್ತದೆ. ಇಲ್ಲಿ ತಪ್ಪುವುದು ಎಲ್ಲಿ ಅಂದರೆ, ತಳದ ದಪ್ಪ ಮುದ್ರೆಯಿಂದ ಮುದ್ರೆಗೆ ಬೇರೆ. ಎಲ್‌ಸಿಗೆ ಹೊಂದಿಸಿದ ಸರಳಿಗೆ ದಪ್ಪ ತಳದ ಕೇಸ್ ಹಾಕಿದರೆ ಮೂತಿ ಆಳಕ್ಕೆ ಹೋಗಿ ಪಾಕೆಟ್ ಸಡಿಲವಾಗುತ್ತದೆ; ತೆಳು ತಳದ್ದು ಹಾಕಿದರೆ ಕ್ರಿಂಪ್ ಪೂರ್ತಿ ಸರಿಯುವುದಿಲ್ಲ. ಸ್ವೇಜ್ ಮಾಡುವವರು ಮುದ್ರೆ ನೋಡಿ ಬೇರೆಬೇರೆ ರಾಶಿ ಮಾಡಲೇಬೇಕು. ಹಿಡಿಕೆಯ ಕೊನೆಯ ಎರಡು ಬೆರಳಷ್ಟು ಓಟದಲ್ಲಿ ಗಟ್ಟಿಯಾಗಿ ಹತ್ತಿ, ಸಣ್ಣಗೆ ಬಿಟ್ಟುಕೊಂಡ ಹಾಗೆ ಅನಿಸಿದರೆ ಹೊಂದಿಕೆ ಸರಿ ಇದೆ.

ರೀಮರ್ ಕ್ರಿಂಪನ್ನು ಕತ್ತರಿಸುತ್ತದೆ. ಅಗ್ಗ, ಬೇಗ, ಮುದ್ರೆ ಬೆರೆತಿದ್ದರೂ ನಡೆಯುತ್ತದೆ. ಆಳದ ತಡೆ ಇರುವ ರೀಮರೇ ತಗೊಳ್ಳಿ. ಡ್ರಿಲ್ ನಿಧಾನಗತಿಯಲ್ಲಿ ಇರಲಿ, ನೇರ ಹಿಡಿಯಿರಿ, ಒಂದೆರಡು ಸೆಕೆಂಡ್ ಸಾಕು. ಬರೀ ಅಂಚು ಸವರುವ ಚೇಂಫರ್ ಉಪಕರಣದಿಂದ ಕೆರೆಯುವವರೂ ಇದ್ದಾರೆ. ಮಾಡಬಹುದು, ಆದರೆ ಅದಕ್ಕೆ ತಡೆ ಇಲ್ಲ. ಒಂದು ಸುತ್ತು ಹೆಚ್ಚಾದರೂ ಪಾಕೆಟ್ ಬಾಯಿ ಕೊಳವೆಯ ಹಾಗೆ ಅಗಲವಾಗುತ್ತದೆ. ಆಗ ಪ್ರೈಮರ್ ಅಂಚಿಗೆ ಆಸರೆ ಇರದೆ ಅನಿಲ ಸೋರಿ ರೈಫಲ್‌ನ ಬೋಲ್ಟ್ (ತೋಟಾದ ಹಿಂದೆ ಮುಚ್ಚುವ ಭಾಗ) ಮುಖ ಸುಡುತ್ತದೆ. ಕೂದಲೆಳೆಯಷ್ಟು ಹೊಳೆಯುವ ಇಳಿಜಾರು ಕಂಡರೆ ನಿಲ್ಲಿಸಿ.

ಎರಡರಲ್ಲಿ ಯಾವುದು ಅಂತ ಕೇಳಿದರೆ: 1,000 ಕೇಸ್, ಒಂದೇ ಮುದ್ರೆ, ಆದ್ದರಿಂದ ಸ್ವೇಜ್. ಬಕೆಟ್ ತುಂಬ ಬೆರೆಕೆ ಬ್ರಾಸ್ ಇದ್ದಿದ್ದರೆ ರೀಮರ್ ಅನ್ನುತ್ತಿದ್ದೆ.

ಆಸ್ಟಿನ್_ತುಂಗಾ

ಬಹಳ ಉಪಕಾರವಾಯಿತು ಸರ್. ಕ್ರಿಂಪ್ ಸಾಕಷ್ಟು ಹೋಗಿದೆ ಅಂತ ಗೊತ್ತಾಗುವುದು ಹೇಗೆ? ಕಣ್ಣಿಗೆ ವ್ಯತ್ಯಾಸವೇ ಕಾಣದು.

ಪೀಣ್ಯ_ಲೇತ್

ಕಣ್ಣನ್ನು ನಂಬಬೇಡಿ. ಪಾಕೆಟ್‌ಗೆಂದೇ ಎರಡು ತುದಿಯ ಗೋ, ನೋ-ಗೋ ಗೇಜ್ ಸಿಗುತ್ತದೆ. ಗೋ ತುದಿ ಒತ್ತದೆ ಇಳಿಯಬೇಕು, ನೋ-ಗೋ ತುದಿ ಇಳಿಯಬಾರದು. ಹೊಂದಿಸುವಾಗ ಮೊದಲ ಹತ್ತು ಕೇಸ್, ಆಮೇಲೆ ಇಪ್ಪತ್ತಕ್ಕೊಂದು. ಒಂದು ಕೇಸಿಗೆ ನೋ-ಗೋ ಇಳಿದರೆ ಅದು ಗುಜರಿಗೆ. ಸತತವಾಗಿ ಎರಡು ಮೂರಕ್ಕೆ ಇಳಿದರೆ ಕೆಲಸ ನಿಲ್ಲಿಸಿ ಹೊಂದಿಕೆ ನೋಡಿ.

ಪ್ರೈಮರ್ ಹಾಕುವ ದಿನ ಕೈಯ ಅನುಭವವೂ ಗೇಜೇ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಆ ಪಾಕೆಟ್ ಸತ್ತಿದೆ. ಪ್ರೈಮರ್ ತಳದ ಮಟ್ಟಕ್ಕಿಂತ 3ರಿಂದ 5 ಥೌ ಒಳಗಿರಬೇಕು. ಎಆರ್‌ನ ಫೈರಿಂಗ್ ಪಿನ್‌ಗೆ ಹಿಡಿದಿಡುವ ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಚ್ಚಿದಾಗಲೆಲ್ಲ ಅದು ಪ್ರೈಮರ್ ಮೇಲೆ ಸಣ್ಣ ಚುಕ್ಕೆ ಬೀಳುವಷ್ಟು ಬಡಿಯುತ್ತದೆ. ಉಬ್ಬಿದ ಪ್ರೈಮರ್ ಇದ್ದರೆ ಟ್ರಿಗರ್ ಎಳೆಯುವ ಮೊದಲೇ ಗುಂಡು ಹಾರಬಹುದು. ಸಿಸಿಐ ನಂ. 41 ಪ್ರೈಮರ್ ಇದಕ್ಕೆಂದೇ ಕಡಿಮೆ ಸೂಕ್ಷ್ಮವಾಗಿ ಮಾಡಿದ್ದು, 7.62ಕ್ಕೆ ನಂ. 34.

ಒಹಾಯೊ_ಅಳತೆಗಾರ

ಇನ್ನು ಸೈಜಿಂಗ್. ಮೊದಲು ಲ್ಯೂಬ್. ದ್ರವರೂಪದ ಲೇನೋಲಿನ್ ಒಂದು ಪಾಲು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲ್ ಹನ್ನೆರಡು ಪಾಲು. ಔಷಧದಂಗಡಿಯ 70 ಶೇಕಡಾದ್ದು ಬೇಡ, ನೀರು ಹೆಚ್ಚು. ಕಾರಿಗೆ ಹಾಕುವ ಹೀಟ್ (HEET) ಎಂಬ ದ್ರವದ ಕೆಂಪು ಬಾಟಲಿ ಐಸೋಪ್ರೊಪೈಲ್, 12 ಔನ್ಸ್, ಅದಕ್ಕೆ ಒಂದು ಔನ್ಸ್ ಲೇನೋಲಿನ್ ಸರಿಯಾಗಿ ಹೊಂದುತ್ತದೆ. ಹಳದಿ ಬಾಟಲಿ ಮೆಥನಾಲ್, ವಿಷ, ಅದು ಬೇಡವೇ ಬೇಡ. ತಟ್ಟೆಯಲ್ಲಿ ಕೇಸ್ ಹರಡಿ ಓರೆಯಾಗಿ ಸಿಂಪಡಿಸಿ, ಸ್ವಲ್ಪ ಕತ್ತಿನ ಒಳಗೂ ಹೋಗಲಿ. ಹೊರಳಾಡಿಸಿ, ಐದು ನಿಮಿಷ ಬಿಡಿ. ಆಲ್ಕೊಹಾಲ್ ಆರುವ ಮೊದಲೇ ಡೈಗೆ ಹಾಕುವುದೇ ಕೇಸ್ ಸಿಕ್ಕಿಕೊಳ್ಳಲು ದೊಡ್ಡ ಕಾರಣ. ಭುಜದ ಮೇಲೆ ಲ್ಯೂಬ್ ಮಡುಗಟ್ಟಿದರೆ ಅಲ್ಲಿ ಗುಳಿ ಬೀಳುತ್ತದೆ, ಗುಳಿ ಚಿಕ್ಕದಾದರೆ ಹಾನಿಯಿಲ್ಲ.

ಒತ್ತುವಾಗ ತಡೆದಂತೆ ಅನಿಸಿದರೆ ಬಲ ಹಾಕಬೇಡಿ, ಅಲ್ಲೇ ನಿಲ್ಲಿಸಿ ಹಿಂದಕ್ಕೆ ತನ್ನಿ. ಬಲ ಹಾಕಿದರೆ ರಿಮ್ ಕಿತ್ತು ಬರುತ್ತದೆ, ಆಮೇಲೆ ತಳಕ್ಕೆ ತೂತು ಕೊರೆದು ಮರೆ (ಸ್ಕ್ರೂ ಸುರುಳಿ) ಕಡಿದು ಬೋಲ್ಟ್‌ನಿಂದ ಎಳೆಯುವ ಕೆಲಸ.

ಡೈ ಇಳಿಸುವ ಲೆಕ್ಕ: ಡೈ ಮರೆ ಅಂಗುಲಕ್ಕೆ 14, ಹಾಗಾಗಿ ಒಂದು ಪೂರ್ತಿ ಸುತ್ತು ಅಂದರೆ 71 ಥೌ, ಎಂಟನೇ ಒಂದು ಸುತ್ತು 9 ಥೌ. ಕೇಸಿನ ತಳ ಹಿಡಿಯುವ ಶೆಲ್ ಹೋಲ್ಡರ್ ಮುಟ್ಟುವ ಮಟ್ಟಕ್ಕಿಂತ ಒಂದು ಸುತ್ತು ಮೇಲಿಂದ ಶುರು ಮಾಡಿ, ಸೈಜ್ ಮಾಡಿ, ಹೆಡ್‌ಸ್ಪೇಸ್ ಕಂಪ್ಯಾರೇಟರ್‌ನಲ್ಲಿ ತಳದಿಂದ ಭುಜದವರೆಗೆ ಅಳೆಯಿರಿ. ಮೊದಮೊದಲು ಅಳತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಗಾಬರಿ ಬೇಡ. ಡೈ ಮೈಯನ್ನು ಹಿಂಡುತ್ತಿದೆ, ಭುಜವನ್ನು ಇನ್ನೂ ಮುಟ್ಟಿಲ್ಲ, ಹಿಂಡಿದ ಲೋಹ ಭುಜವನ್ನು ಮುಂದಕ್ಕೆ ತಳ್ಳುತ್ತದೆ. ಇನ್ನೂ ಇಳಿಸಿದಾಗ ಭುಜ ಹಿಂದೆ ಸರಿಯಲು ಶುರುವಾಗುತ್ತದೆ.

ಗುರಿ ಎಷ್ಟು? ಇದು ಯಾರದೋ ರೈಫಲ್‌ನಲ್ಲಿ ಹಾರಿದ ಬ್ರಾಸ್, ಅದರ ಈಗಿನ ಅಳತೆಗೆ ಅರ್ಥವಿಲ್ಲ. ನಿಮ್ಮ ರೈಫಲ್‌ನಲ್ಲಿ ಹಾರಿಸಿದ ಐದು ಕೇಸ್‌ನ ಪ್ರೈಮರ್ ತೆಗೆದು ಅಳೆಯಿರಿ. ಅದಕ್ಕಿಂತ 3ರಿಂದ 4 ಥೌ ಕಡಿಮೆ ಬರಬೇಕು. ಬೋಲ್ಟ್ ಆ್ಯಕ್ಷನ್ ಆಗಿದ್ದರೆ 1ರಿಂದ 2 ಸಾಕಿತ್ತು. ಇದಕ್ಕಿಂತ ಹೆಚ್ಚು ತಳ್ಳಿದರೆ ಪ್ರತಿ ಸಲ ಕೇಸ್ ಹಿಗ್ಗಿ ತಳದ ಹತ್ತಿರ ತೆಳುವಾಗುತ್ತ ಹೋಗಿ ಕೊನೆಗೆ ಎರಡು ತುಂಡಾಗುತ್ತದೆ.

ಅಳತೆ ಕೇಸಿನಿಂದ ಕೇಸಿಗೆ ನಾಲ್ಕೈದು ಥೌ ಹೊಯ್ದಾಡಿದರೆ, ಹಿಡಿಕೆಯನ್ನು ಕೆಳಗೆ ಹಿಡಿದು ಎರಡು ಸೆಕೆಂಡ್ ನಿಲ್ಲಿಸಿ. ಗಟ್ಟಿಯಾದ ಬ್ರಾಸ್ ಹಿಂದಕ್ಕೆ ಚಿಮ್ಮುವುದು ಇದರಿಂದ ಕಡಿಮೆಯಾಗುತ್ತದೆ.

ಹಿತ್ತಾಳೆ_ಬೆಂಚು

ಸ್ಮಾಲ್ ಬೇಸ್ ಡೈ ಬಗ್ಗೆ ಕೇಳಿದ್ದಿರಿ. ಮೊದಲೇ ಕೊಳ್ಳಬೇಡಿ. ಆ ಡೈ ತಳದ ಹತ್ತಿರ ಒಂದೆರಡು ಥೌ ಹೆಚ್ಚು ಹಿಂಡುತ್ತದೆ. ಸಡಿಲ ಚೇಂಬರ್‌ನ (ಬ್ಯಾರಲ್‌ನಲ್ಲಿ ತೋಟಾ ಕೂರುವ ಜಾಗ) ಮೆಷಿನ್ ಗನ್‌ನಲ್ಲಿ ಹಾರಿದ ಕೇಸ್ ಉಬ್ಬಿರುತ್ತದೆ, ಅದಕ್ಕೆ ಬೇಕಾಗಬಹುದು. ಹಾಗೆಯೇ ಇದೆ ಅಂತ ತಿಳಿಯಲು ರೈಫಲ್‌ನ ಮೇಲ್ಭಾಗ ಬಿಚ್ಚಿ ಬೋಲ್ಟ್ ತೆಗೆದು, ಸೈಜ್ ಮಾಡಿ ಒರೆಸಿದ ಕೇಸನ್ನು ಚೇಂಬರ್‌ಗೆ ಬಿಡಿ. ತನ್ನ ಭಾರಕ್ಕೆ ಇಳಿದು, ತಿರುಗಿಸಿದಾಗ ತಾನೇ ಬೀಳಬೇಕು. ಇಪ್ಪತ್ತು ಕೇಸ್ ಹೀಗೆ ಬಿದ್ದರೆ ನಿಮ್ಮ ಮಾಮೂಲಿ ಡೈ ಸಾಕು. ವಿಲ್ಸನ್ ಮಾದರಿಯ ಕೇಸ್ ಗೇಜ್ ಭುಜ ಮತ್ತು ಉದ್ದ ಮಾತ್ರ ತೋರಿಸುತ್ತದೆ, ಮೈ ಉಬ್ಬಿದ್ದು ಅದರಲ್ಲಿ ಗೊತ್ತಾಗುವುದಿಲ್ಲ. ಷೆರಿಡನ್ ಮಾದರಿಯದು ಚೇಂಬರ್ ಅಳತೆಗೆ ಕೊರೆದದ್ದು, ಅದರಲ್ಲಿ ಗೊತ್ತಾಗುತ್ತದೆ.

ಸಿಯಾಟಲ್_ಕಾವೇರಿ

ವಿಷಯ 5.56, ಆದರೂ ಕೇಳುತ್ತೇನೆ. ಎಂ240 ಮೆಷಿನ್ ಗನ್‌ನಿಂದ ಬಂದ 7.62 ಎಲ್‌ಸಿ ಬ್ರಾಸ್ ಕಡಿಮೆ ಬೆಲೆಗೆ ಸಿಗುತ್ತಿದೆ. .308 ಬೋಲ್ಟ್ ರೈಫಲ್‌ಗೆ ಕೊಳ್ಳಬಹುದಾ?

ಪೀಣ್ಯ_ಲೇತ್

ನನ್ನನ್ನು ಕೇಳಿದರೆ ಬೇಡ. ಬೆಲ್ಟ್‌ನಿಂದ ಹಾರುವ ಆ ಗನ್‌ಗಳ ಚೇಂಬರ್ ಉದ್ದ, ಮಣ್ಣು ತುಂಬಿದರೂ ಓಡಲಿ ಅಂತ. ಮೊದಲ ಹಾರಾಟದಲ್ಲೇ ಕೇಸ್ ಹಿಗ್ಗಿಹೋಗಿದೆ, ನೀವು ಅದನ್ನು ಮತ್ತೆ ಹಿಂದಕ್ಕೆ ತಳ್ಳುತ್ತೀರಿ. ಅದರ ಆಯುಷ್ಯ ನಾಲ್ಕೈದು ಸಲಕ್ಕೂ ಸಾಲದು.

ಒಹಾಯೊ_ಅಳತೆಗಾರ

ಅಷ್ಟು ಕಡ್ಡಿ ಮುರಿದ ಹಾಗೆ ಹೇಳಲಾರೆ. ಸೈಜ್‌ಗೆ ಮೊದಲು ಅಳೆಯಿರಿ, ಆಮೇಲೆ ಅಳೆಯಿರಿ. ಭುಜ 10 ಥೌಗಿಂತ ಹೆಚ್ಚು ಹಿಂದೆ ಸರಿಯಬೇಕಾದರೆ ಆ ಕೇಸ್ ಬಿಡಿ. ಉಳಿದದ್ದಕ್ಕೆ ತಂತಿ ಪರೀಕ್ಷೆ: ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು 2 ಮಿಲಿಮೀಟರ್ ಮಡಚಿ ಮೊನಚು ಮಾಡಿ, ಕೇಸ್ ಒಳಗೆ ಬಿಟ್ಟು ಗೋಡೆಗೆ ತಾಗಿಸಿ ತಳದಿಂದ ಮೇಲಕ್ಕೆ ಎಳೆಯಿರಿ. ತಳದ ಗಟ್ಟಿ ಭಾಗ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ ತಗ್ಗು ಸಿಕ್ಕಿ ತಂತಿ ತಡೆದರೆ ಅದು ತುಂಡಾಗಲು ಸಿದ್ಧವಾದ ಕೇಸ್. ಹೊರಗೆ ಹೊಳೆಯುವ ಬಳೆಯೊಂದೇ ಕಂಡು ಎಸೆಯಬೇಡಿ, ಸೈಜ್ ಡೈ ನಿಂತ ಜಾಗದಲ್ಲೂ ಅಂಥ ಗುರುತು ಬೀಳುತ್ತದೆ. ಒಳಗಿನ ತಗ್ಗೇ ಸಾಕ್ಷಿ. ಅನುಮಾನ ಬಂದದ್ದರಲ್ಲಿ ಒಂದನ್ನು ಉದ್ದಕ್ಕೆ ಗರಗಸದಲ್ಲಿ ಸೀಳಿ ನೋಡಿ, ಆ ರಾಶಿಯ ಗತಿ ಗೊತ್ತಾಗುತ್ತದೆ.

ಪೀಣ್ಯ_ಲೇತ್

ಅಳೆಯುವ ತಾಳ್ಮೆ ಇರುವವರಿಗೆ ಒಪ್ಪುತ್ತೇನೆ. ಆದರೆ ಬೆಲೆ ಕಡಿಮೆ ಅಂತ ಕೊಂಡು ಅರ್ಧ ರಾಶಿ ಗುಜರಿಗೆ ಹಾಕುವುದಾದರೆ ಉಳಿತಾಯ ಎಲ್ಲಿ ಬಂತು, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಹಿತ್ತಾಳೆ_ಬೆಂಚು

7.62ರಲ್ಲಿ ಇನ್ನೊಂದು ಮಾತು ಬಿಟ್ಟುಹೋಗಬಾರದು. ಆ ಮಿಲಿಟರಿ ಕೇಸ್ ಅಂಗಡಿಯ .308 ಕೇಸ್‌ಗಿಂತ ದಪ್ಪ ಗೋಡೆಯದು, ಒಳಗೆ ಜಾಗ ಕಡಿಮೆ. ಅಂಗಡಿ ಕೇಸ್‌ಗೆ ಸರಿಹೋದ ಮದ್ದಿನ ಪ್ರಮಾಣವನ್ನು ಇದಕ್ಕೆ ಹಾಗೇ ಹಾಕಿದರೆ ಒತ್ತಡ ಏರುತ್ತದೆ. ಕೈಪಿಡಿಯ ಆರಂಭದ ಪ್ರಮಾಣಕ್ಕೇ ಇಳಿದು ಮತ್ತೆ ಮೊದಲಿಂದ ಬರಬೇಕು.

ಇದನ್ನೇ ಹಿಡಿದು 5.56 ಎಲ್‌ಸಿ ಕೂಡ ದಪ್ಪ ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ. ಎಲ್‌ಸಿ 5.56ರ ತೂಕ, ಒಳಜಾಗ ಎರಡೂ ಅಂಗಡಿಯ .223 ಕೇಸ್‌ಗಳ ಹತ್ತಿರವೇ ಇದೆ. ಅನುಮಾನವಿದ್ದರೆ ಹಾರಿಸಿದ, ಪ್ರೈಮರ್ ಇನ್ನೂ ಒಳಗಿರುವ ಕೇಸ್ ಐದು ತೂಗಿ, ಬಾಯಿಯವರೆಗೆ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸವೇ ಒಳಜಾಗ. ಎರಡು ಮುದ್ರೆಗಳನ್ನು ಹೀಗೆ ಹೋಲಿಸಿದರೆ ಊಹೆಯ ಕೆಲಸವಿಲ್ಲ.

ಡೆಟ್ರಾಯ್ಟ್_ಶರಾವತಿ

ಉದ್ದದ ಅಳತೆ ಯಾರೂ ಬರೆದಿಲ್ಲ. .223ಕ್ಕೆ ಗರಿಷ್ಠ 1.760 ಅಂಗುಲ, ಅಂದರೆ 44.70 ಮಿಲಿಮೀಟರ್; ಕತ್ತರಿಸುವುದು 1.750ಕ್ಕೆ. .308ಕ್ಕೆ ಗರಿಷ್ಠ 2.015, ಕತ್ತರಿಸುವುದು 2.005ಕ್ಕೆ. ಉದ್ದ ಮೀರಿದ ಕೇಸಿನ ಬಾಯಿ ಚೇಂಬರ್ ಕೊನೆಗೆ ತಾಗಿ ಗುಂಡನ್ನು ಹಿಡಿದುಕೊಳ್ಳುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಒಂದು ಸಲ ಹಾರಿದ ಎಲ್‌ಸಿಯಲ್ಲೂ ಸೈಜ್ ಆದ ಮೇಲೆ ಕೆಲವು ಈ ಮಿತಿ ದಾಟುತ್ತವೆ, ಆದ್ದರಿಂದ ಎಲ್ಲವನ್ನೂ ಒಮ್ಮೆ ಕತ್ತರಿಸಿ ಒಂದೇ ಉದ್ದಕ್ಕೆ ತನ್ನಿ. ಭುಜಕ್ಕೆ ಆನಿಸಿ ಕತ್ತರಿಸುವ ಟ್ರಿಮರ್ ಬೇಗ ಕೆಲಸ ಮಾಡುತ್ತದೆ, ಆದರೆ ಭುಜ ಹೊಯ್ದಾಡಿದರೆ ಉದ್ದವೂ ಹೊಯ್ದಾಡುತ್ತದೆ. ಸೈಜ್ ಅಚ್ಚುಕಟ್ಟಾಗಿರಬೇಕು ಅನ್ನಲು ಇದೂ ಕಾರಣ. ಬಾಯಿಯ ಒಳಗೆ ಹೊರಗೆ ಒಂದೊಂದು ಸುತ್ತು ಸವರಿದರೆ ಸಾಕು, ಅಂಚು ಚಾಕುವಿನ ಹಾಗೆ ಮೊನಚಾಗಬಾರದು.

ಅನೀಲಿಂಗ್ ಈಗ ಬೇಡ. ಕಾರ್ಖಾನೆಯಲ್ಲೇ ಆಗಿದೆ. ಮೂರು ನಾಲ್ಕು ಸಲ ಹಾರಿದ ಮೇಲೆ ಕತ್ತು ಗಟ್ಟಿಯಾಗಿ ಸೀಳತೊಡಗಿದಾಗ ಮಾಡಿ, ಸೈಜ್‌ಗೆ ಮೊದಲು. ಕತ್ತಿಗೆ 750 ಡಿಗ್ರಿ ಫ್ಯಾರನ್‌ಹೀಟ್‌ನ ಟೆಂಪಿಲಾಕ್ (ಗೊತ್ತಾದ ಕಾವಿಗೆ ಕರಗುವ ಬಣ್ಣ) ಒಳಗೆ ಬಳಿದು, ಅದು ಕರಗಿದ ಕ್ಷಣ ಜ್ವಾಲೆಯಿಂದ ತೆಗೆಯಿರಿ. ಅರ್ಧ ಮೈಯಲ್ಲಿ 450 ಡಿಗ್ರಿಯದು ಬಳಿದಿಡಿ, ಅದು ಕರಗಬಾರದು. ತಳದ ಭಾಗ ಮೆತ್ತಗಾದ ಕೇಸ್ ಒತ್ತಡ ತಡೆಯಲಾರದು, ಅನಿಲ ಹಿಂದಕ್ಕೆ ಮುಖದ ಕಡೆ ಬರುತ್ತದೆ. ಹಾಗೆ ಕಾದ ಕೇಸನ್ನು ಸರಿಮಾಡುವ ದಾರಿಯೇ ಇಲ್ಲ, ಜಜ್ಜಿ ಗುಜರಿಗೆ ಹಾಕಿ.

ಸಿಯಾಟಲ್_ಕಾವೇರಿ

ಒಂದು ಕಾನೂನಿನ ಮಾತು ಸೇರಿಸುತ್ತೇನೆ, ಇಲ್ಲಿ ಓದುವವರು ಹೆಚ್ಚಿನವರು ಊರಿಗೆ ಹೋಗಿಬರುವವರು. ಅಮೆರಿಕದಲ್ಲಿ ಸ್ವಂತಕ್ಕೆ ರೀಲೋಡ್ ಮಾಡಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ. ತಯಾರಿಸಿ ಮಾರುವುದಾದರೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆ ಮದ್ದುಗುಂಡಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಎರಡನ್ನೂ ಮದ್ದುಗುಂಡು ಅಂತಲೇ ಎಣಿಸುತ್ತದೆ, ತಯಾರಿಕೆಗೆ ಲೈಸೆನ್ಸ್ ಕಡ್ಡಾಯ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಆದ್ದರಿಂದ ರೇಂಜ್‌ಗೆ ಒಯ್ಯುವ ಚೀಲವನ್ನು ಎಂದೂ ಬೆಂಗಳೂರಿನ ಪ್ರಯಾಣಕ್ಕೆ ಬಳಸಬೇಡಿ. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದು ಖಾಲಿ ಕೇಸ್ ಸ್ಕ್ಯಾನರ್‌ನಲ್ಲಿ ಕಂಡರೂ ಪೊಲೀಸ್ ಠಾಣೆಯವರೆಗೆ ಹೋಗಬಹುದು. ಮಕ್ಕಳು ಆಟಕ್ಕೆ ಇಟ್ಟುಕೊಂಡ ಕೇಸ್, ಕೀ ಗೊಂಚಲಿಗೆ ಹಾಕಿದ ಕೇಸ್, ಅವನ್ನೂ ತೆಗೆದಿಡಿ.

ಆಸ್ಟಿನ್_ತುಂಗಾ

ಎಲ್ಲರಿಗೂ ಧನ್ಯವಾದ. ಒಂದೇ ಪ್ರಶ್ನೆ ಉಳಿದಿದೆ. ಸೀಳಿದ ಕತ್ತಿನ ಕೇಸ್ .300 ಬ್ಲ್ಯಾಕ್‌ಔಟ್‌ಗೆ ಅಂದಿರಲ್ಲ, ಸೀಳು ಎಷ್ಟು ಕೆಳಗಿಳಿದಿದ್ದರೆ ನಡೆಯುತ್ತದೆ?

ಹಿತ್ತಾಳೆ_ಬೆಂಚು

5.56 ಕೇಸನ್ನು ಭುಜದ ಕೆಳಗೆ ಸುಮಾರು 1.4 ಅಂಗುಲಕ್ಕೆ ಕತ್ತರಿಸಿ, ಬ್ಲ್ಯಾಕ್‌ಔಟ್ ಡೈನಲ್ಲಿ ರೂಪಿಸಿ, 1.358ಕ್ಕೆ ಟ್ರಿಮ್ ಮಾಡುತ್ತೇವೆ. ಸೀಳು ಆ ಕತ್ತರಿಸುವ ಗೆರೆಗಿಂತ ಪೂರ್ತಿ ಮೇಲೇ ನಿಂತಿರಬೇಕು. ಭೂತಗನ್ನಡಿಯಲ್ಲಿ ನೋಡಿ, ಸೀಳಿನ ತುದಿಯ ಕೂದಲೆಳೆ ಬರಿಗಣ್ಣಿಗೆ ಕಾಣುವುದಿಲ್ಲ. ಮೈಯಲ್ಲಿ ಸೀಳು ಇದ್ದರೆ ಯಾವುದಕ್ಕೂ ಬೇಡ. ಹೊಸ ಕತ್ತು ಹಳೆಯ ಮೈಯ ಲೋಹದಿಂದ ಆಗುವುದರಿಂದ ಗೋಡೆ ದಪ್ಪ ಬರಬಹುದು. ಗುಂಡು ಕೂರಿಸಿದ ಮೇಲೆ ಕತ್ತಿನ ಹೊರವ್ಯಾಸ 334 ಥೌ ದಾಟಬಾರದು. ಎಲ್‌ಸಿ ಈ ಕೆಲಸಕ್ಕೆ ಒಳ್ಳೆಯ ಬ್ರಾಸ್, ಕೆಲವು ಬೇರೆ ಮುದ್ರೆಗಳು ಇಲ್ಲಿ ಕೈಕೊಡುತ್ತವೆ. ಮಾಡಿದ ಕೇಸನ್ನು ಅದೇ ಡಬ್ಬಿಯಲ್ಲಿ 5.56 ಜೊತೆ ಇಡಬೇಡಿ. ತಳದ ಮುದ್ರೆ ಎರಡರಲ್ಲೂ ಒಂದೇ, ಬ್ಲ್ಯಾಕ್‌ಔಟ್ ತೋಟಾ 5.56 ಚೇಂಬರ್‌ಗೆ ಹೊಕ್ಕು ಹಾರಿದರೆ ರೈಫಲ್ ಒಡೆಯುತ್ತದೆ. ಬೇರೆ ಬಣ್ಣದ ಡಬ್ಬಿ, ಬೇರೆ ಬಣ್ಣದ ಮ್ಯಾಗಜಿನ್ ಇಟ್ಟುಕೊಳ್ಳಿ.